ದಿನವೂ ಒಯ್ಯುವ ಪಿಸ್ತೂಲು, ಅದನ್ನು ಹಿಡಿದಿಡುವ ಹೋಲ್‌ಸ್ಟರ್: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯಲು ಹೊರಟ ಹೊಸಬರು ಅಂಗಡಿಯಲ್ಲಿ ಮೊದಲು ಕೇಳುವುದು, "ನಿಮ್ಮಲ್ಲಿರುವ ಅತಿ ಚಿಕ್ಕದು ಯಾವುದು?" ಎಂದು. ಅಂಗೈಯಲ್ಲಿ ಅಡಗುವಂಥ ಒಂದು ಹೊರಗೆ ಬರುತ್ತದೆ, ಹಣದ ಬಹುಪಾಲು ಅದಕ್ಕೇ ಹೋಗುತ್ತದೆ. ಉಳಿದ ಚಿಲ್ಲರೆಗೆ ಯಾವುದೋ ಬಟ್ಟೆಯ ಹೋಲ್‌ಸ್ಟರ್ ಸಿಗುತ್ತದೆ. ಬೆಲ್ಟ್ ಅಂತೂ ಹಳೆಯದೇ. ಕೆಲವು ವಾರ ಕಳೆಯುವಷ್ಟರಲ್ಲಿ ಪಿಸ್ತೂಲು ಬೀರು ಸೇರಿರುತ್ತದೆ, ಇಲ್ಲವೇ ಹೋಲ್‌ಸ್ಟರ್ ಕಿರಿಕಿರಿಯೆಂದು ಬರಿದಾಗಿ ಜೇಬಿಗೆ ಇಳಿದಿರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು.

ಪಿಸ್ತೂಲು, ಹೋಲ್‌ಸ್ಟರ್, ಬೆಲ್ಟ್ ಮೂರನ್ನೂ ಒಟ್ಟಿಗೆ ಯೋಚಿಸಿ ಆರಿಸಬೇಕು. ಮೂರರಲ್ಲಿ ಯಾವುದರ ಮೇಲೆ ಮೊದಲು ಪಟ್ಟು ಹಿಡಿಯಬೇಕೆಂದು ಕೇಳಿದರೆ ನಾನು ಹೋಲ್‌ಸ್ಟರ್ ಎನ್ನುತ್ತೇನೆ. ಪಿಸ್ತೂಲನ್ನು ಬಹುತೇಕರು ಜೀವಮಾನದಲ್ಲಿ ಒಮ್ಮೆಯೂ ಯಾರತ್ತಲೂ ತೋರಿಸುವುದಿಲ್ಲ. ಆದರೆ ಗುಂಡು ತುಂಬಿದ ಆ ಯಂತ್ರ ದಿನವಿಡೀ ಮೈಗೆ ಅಂಟಿಕೊಂಡಿರುತ್ತದೆ. ಅದರ ಟ್ರಿಗರ್ ಮತ್ತು ನಿಮ್ಮ ತೊಡೆಯ ನಡುವೆ ಇರುವುದು ಹೋಲ್‌ಸ್ಟರ್ ಒಂದೇ.

ಮೊದಲು ಕಾನೂನು

ಮರೆಯಾಗಿ ಪಿಸ್ತೂಲು ಒಯ್ಯುವುದು ಸಾಮಾನ್ಯ ನಾಗರಿಕರಲ್ಲಿ ವ್ಯಾಪಕವಾಗಿ ರೂಢಿಯಲ್ಲಿರುವುದು ಅಮೆರಿಕದಲ್ಲಿ. ಅಲ್ಲಿಯೂ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅರ್ಹ ವಯಸ್ಕರಿಗೆ ಪರವಾನಗಿಯೇ ಬೇಕಿಲ್ಲ. ಗಡಿ ದಾಟಿ ಪಕ್ಕದ ರಾಜ್ಯಕ್ಕೆ ಹೋದರೆ ಅದೇ ಕೆಲಸಕ್ಕೆ ಜೈಲಾಗಬಹುದು. ಒಂದು ರಾಜ್ಯ ಕೊಟ್ಟ ಪರವಾನಗಿಯನ್ನು ಇನ್ನೊಂದು ಒಪ್ಪಬೇಕೆಂದಿಲ್ಲ. ಒಕ್ಕೂಟ ಸರ್ಕಾರದ ಕಚೇರಿಗಳು ಮತ್ತು ವಿಮಾನ ನಿಲ್ದಾಣದ ತಪಾಸಣೆಯಾಚೆಯ ಭಾಗದಂಥ ಜಾಗಗಳಲ್ಲಿ ಪರವಾನಗಿ ಇದ್ದರೂ ಒಯ್ಯುವಂತಿಲ್ಲ.

ಕಾನೂನು ನಿಮ್ಮ ಆಯ್ಕೆಯನ್ನೂ ನೇರವಾಗಿ ಮುಟ್ಟುತ್ತದೆ. ಕ್ಯಾಲಿಫೋರ್ನಿಯ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ 10ಕ್ಕಿಂತ ಹೆಚ್ಚು ತೋಟಾ ಹಿಡಿಯುವ ಮ್ಯಾಗಜೀನ್‌ಗೆ (ಪಿಸ್ತೂಲಿನ ಹಿಡಿಯೊಳಗೆ ಸೇರಿಸುವ ತೋಟಾಗಳ ಡಬ್ಬಿಗೆ) ನಿರ್ಬಂಧವಿದೆ. 15 ತೋಟಾ ಹಿಡಿಯುತ್ತದೆಂದೇ ದಪ್ಪ ಪಿಸ್ತೂಲು ಕೊಳ್ಳುವವರಿಗೆ ಅಲ್ಲಿ ಆ ದಪ್ಪದ ಲಾಭವೇ ಇಲ್ಲ. ನ್ಯೂಜೆರ್ಸಿಯಲ್ಲಿ, ತಗುಲಿದಲ್ಲಿ ಅರಳುವ ಟೊಳ್ಳು ಮೂತಿಯ ಗುಂಡುಗಳ ಮೇಲೂ ಕಟ್ಟುಪಾಡಿದೆ. ನಿಮ್ಮ ಊರಿನ ನಿಯಮವನ್ನು ಅಂಗಡಿಯವರ ಬಾಯಿಂದ ಕೇಳಿ ನಂಬಬೇಡಿ, ಸರ್ಕಾರದ ಪ್ರಕಟಣೆಯಲ್ಲೇ ಓದಿಕೊಳ್ಳಿ. ಮದ್ಯ ಮತ್ತು ಪಿಸ್ತೂಲು ಒಟ್ಟಿಗೆ ಸಲ್ಲದು ಎಂಬುದಕ್ಕೆ ಕಾನೂನು ಓದುವ ಅಗತ್ಯವೂ ಇಲ್ಲ.

ಮೈಯ ಮೇಲೆ ಎಲ್ಲಿ?

ಪಿಸ್ತೂಲು ನೋಡುವ ಮೊದಲು ಇದನ್ನು ತೀರ್ಮಾನಿಸಿ. ಸೊಂಟವನ್ನು ಗಡಿಯಾರದ ಮುಖವೆಂದು ಭಾವಿಸಿ, ಹೊಕ್ಕುಳನ್ನು 12 ಗಂಟೆ ಎಂದು ಲೆಕ್ಕ ಹಿಡಿಯುವುದು ರೂಢಿ. ಬಲಗೈಯವರಿಗೆ ಹೆಚ್ಚು ಬಳಕೆಯಲ್ಲಿರುವ ಜಾಗಗಳು ಎರಡು: ಬಲ ಸೊಂಟದ ಮೂಳೆಯ ಹಿಂದೆ 4 ಗಂಟೆಯ ಆಸುಪಾಸು, ಅಥವಾ ಕಿಬ್ಬೊಟ್ಟೆಯ ಮುಂದೆ 1 ಗಂಟೆಯ ಆಸುಪಾಸು. ಎಡಗೈಯವರಿಗೆ ಇದು ತಿರುಗುಮುರುಗು. ಎರಡರಲ್ಲೂ ಹೋಲ್‌ಸ್ಟರ್ ಪ್ಯಾಂಟಿನ ಒಳಗೆ, ಬೆಲ್ಟಿನ ಹಿಂದೆ ಇಳಿದಿರುತ್ತದೆ.

4 ಗಂಟೆಯ ಜಾಗದಲ್ಲಿ ಕೂರುವುದು ಸುಲಭ. ಆದರೆ ಬಗ್ಗಿದಾಗ ಹಿಡಿಯ ತುದಿ ಅಂಗಿಯನ್ನು ಹಿಂದಕ್ಕೆ ದೂಡಿ ತೋರಿಬಿಡುತ್ತದೆ, ಹಿಂದಿನಿಂದ ಯಾರಾದರೂ ಕೈ ಹಾಕಿದರೆ ನಿಮಗೆ ಕಾಣುವುದೂ ಇಲ್ಲ. ಮುಂಭಾಗದಲ್ಲಿ ಇಟ್ಟರೆ ಪಿಸ್ತೂಲು ಸದಾ ಕಣ್ಣ ಮುಂದಿರುತ್ತದೆ, ಕೈ ಬೇಗ ತಲುಪುತ್ತದೆ, ಸಡಿಲ ಅಂಗಿಯಲ್ಲಿ ಚೆನ್ನಾಗಿ ಅಡಗುತ್ತದೆ. ಅದರ ಬೆಲೆ ಏನೆಂದರೆ ನಳಿಕೆಯ ಬಾಯಿ ತೊಡೆಯ ರಕ್ತನಾಳದತ್ತ ನೋಡುತ್ತಿರುತ್ತದೆ. ಅಲ್ಲಿ ಶಿಸ್ತು ತಪ್ಪುವಂತಿಲ್ಲ. ಹೊಟ್ಟೆ ಮುಂದೆ ಬಂದವರಿಗೆ ಈ ಜಾಗ ಒಗ್ಗುವುದಿಲ್ಲ ಎನ್ನುವ ಮಾತಿದೆ. ಹೋಲ್‌ಸ್ಟರ್‌ನ ಕೆಳತುದಿಗೆ ಮೆತ್ತನೆಯ ದಿಂಬಿನಂಥ ಬೆಣೆ ಅಂಟಿಸಿದರೆ ಅದು ಅರ್ಧ ಸುಳ್ಳಾಗುತ್ತದೆ.

ಬೆನ್ನಿನ ನಡುವೆ, ಅಂದರೆ 6 ಗಂಟೆಗೆ ಕಟ್ಟುವುದನ್ನು ಸಿನಿಮಾದವರಿಗೆ ಬಿಟ್ಟುಬಿಡಿ. ಅಂಗಾತ ಬಿದ್ದರೆ ಗಟ್ಟಿ ಲೋಹ ನೇರ ಬೆನ್ನುಹುರಿಯ ಮೇಲೆ ಒತ್ತುತ್ತದೆ. ಕಾಲಿನ ಹರಡಿಗೆ ಕಟ್ಟುವುದು ಕಾರಿನಲ್ಲೇ ಹೆಚ್ಚು ಹೊತ್ತು ಕೂರುವವರಿಗೆ ಸರಿ, ನಡೆಯುವವರಿಗೆ ಅಲ್ಲ. ಕೈಚೀಲದಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಕಳ್ಳ ಮೊದಲು ಕಿತ್ತುಕೊಳ್ಳುವುದೇ ಚೀಲವನ್ನು, ಮಗು ಮೊದಲು ತಡಕುವುದೂ ಚೀಲವನ್ನೇ. ಬೆಲ್ಟ್ ಹಾಕದ ಉಡುಪಿನವರಿಗೆ ಹೊಟ್ಟೆಯ ಸುತ್ತ ಸುತ್ತುವ ಅಗಲ ಪಟ್ಟಿ ಇದೆ. ಅದರಲ್ಲಿ ಟ್ರಿಗರ್ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಕವಚ ಇದ್ದರೆ ಮಾತ್ರ ಕೊಳ್ಳಿ.

ಗಾತ್ರ: ಅಡಗುವುದು ಬೇರೆ, ಹೊಡೆಯಲಾಗುವುದು ಬೇರೆ

ಒಂದೇ ತೋಟಾವನ್ನು ಹಾರಿಸುವ ಎರಡು ಪಿಸ್ತೂಲುಗಳಲ್ಲಿ ಹಗುರವಾದದ್ದು ಕೈಯನ್ನು ಹೆಚ್ಚು ರಭಸದಿಂದ ಹಿಂದಕ್ಕೆ ಒದೆಯುತ್ತದೆ. ಹಿಡಿ ಗಿಡ್ಡವಾದರೆ ಕಿರುಬೆರಳಿಗೆ ಆಸರೆ ಸಿಗುವುದಿಲ್ಲ, ಒದೆತವನ್ನು ತಡೆಯಲು ಒಂದು ಬೆರಳು ಕಡಿಮೆಯಾಗುತ್ತದೆ. ನಳಿಕೆ ಗಿಡ್ಡವಾದಷ್ಟೂ ಮುಂದಿನ ಮತ್ತು ಹಿಂದಿನ ಗುರಿಗುರುತುಗಳ ಅಂತರ ಕುಗ್ಗಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಸ್ಲೈಡ್, ಅಂದರೆ ಪ್ರತಿ ಗುಂಡಿಗೂ ಹಿಂದೆ ಮುಂದೆ ಸರಿಯುವ ಮೇಲಿನ ಲೋಹದ ಭಾಗ, ಚಿಕ್ಕದಾದರೆ ಅದನ್ನು ತಡೆಯುವ ಸ್ಪ್ರಿಂಗ್ ಬಿಗಿಯಾಗುತ್ತದೆ, ಎಳೆಯಲು ಕಷ್ಟ. ಹೀಗಾಗಿ ಅತಿ ಚಿಕ್ಕ ಪಿಸ್ತೂಲು ನುರಿತವರ ಸಾಮಾನು. ಅದನ್ನೇ ಹೊಸಬರ ಕೈಗೆ ಕೊಡುವುದು ಈ ವ್ಯಾಪಾರದ ಹಳೆಯ ಚಾಳಿ.

ಅಂಕಿಗಳಲ್ಲಿ ನೋಡೋಣ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಸುಮಾರು 270 ಗ್ರಾಂ ತೂಗುತ್ತದೆ, .380 ಎಂಬ ಚಿಕ್ಕ ತೋಟಾ ಹಾರಿಸುತ್ತದೆ. ಜೇಬಿನಲ್ಲಿ ಇದ್ದದ್ದೇ ಮರೆತುಹೋಗುವಷ್ಟು ಹಗುರ, ಅಭ್ಯಾಸಕ್ಕೆ ಕೂತರೆ ಬೇಗನೆ ಸಾಕೆನಿಸುವಷ್ಟು ಒರಟು. ಗ್ಲಾಕ್ 19 ಇನ್ನೊಂದು ತುದಿ: ನಳಿಕೆ 4 ಇಂಚು, ಮ್ಯಾಗಜೀನ್‌ನಲ್ಲಿ 15 ತೋಟಾ, ಖಾಲಿ ಇದ್ದಾಗ 600 ಗ್ರಾಂಗಿಂತ ಹೆಚ್ಚು. ಹೊಡೆಯಲು ಹಿತ, ಆದರೆ ತೆಳು ಮೈಯವರಿಗೆ ಬೇಸಿಗೆ ಉಡುಪಿನಲ್ಲಿ ಅಡಗಿಸುವುದು ಕಷ್ಟ.

ಈ ಎರಡರ ನಡುವಿನ ಜಾಗ 2018ರಲ್ಲಿ ಬದಲಾಯಿತು. ಆ ವರ್ಷ ಬಂದ ಸಿಗ್ ಪಿ365 ಸುಮಾರು ಒಂದು ಇಂಚು ದಪ್ಪದ, 3.1 ಇಂಚು ನಳಿಕೆಯ, 500 ಗ್ರಾಂ ತೂಕದ ಮೈಯಲ್ಲಿ 9 ಎಂಎಂನ 10 ತೋಟಾಗಳನ್ನು ಹಿಡಿಸಿತು. ಅದಕ್ಕೂ ಮುಂಚೆ, 2015ರ ಗ್ಲಾಕ್ 43 ಹೆಚ್ಚುಕಡಿಮೆ ಅಷ್ಟೇ ಗಾತ್ರದಲ್ಲಿ 6 ತೋಟಾ ಹಿಡಿಯುತ್ತಿತ್ತು. ಪಿ365 ಬಂದ ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್, ಗ್ಲಾಕ್ 43ಎಕ್ಸ್, ಗ್ಲಾಕ್ 48 ಬಂದವು. ಇಂದು ಹೊಸಬರು ಹುಡುಕಾಟ ಶುರು ಮಾಡಬೇಕಾದದ್ದು ಈ ತೆಳು ವರ್ಗದಲ್ಲಿ, ಅದರಲ್ಲೂ ಹಿಡಿ ಸ್ವಲ್ಪ ಉದ್ದವಿರುವ ಮಾದರಿಗಳಲ್ಲಿ.

ಇಲ್ಲೊಂದು ವಿಷಯ ಅನೇಕರಿಗೆ ಹೊಳೆಯುವುದಿಲ್ಲ. ಅಂಗಿಯ ಮೇಲೆ ಉಬ್ಬಾಗಿ ಕಾಣುವುದು ನಳಿಕೆಯಲ್ಲ, ಹಿಡಿ. ನಳಿಕೆ ಪ್ಯಾಂಟಿನೊಳಗೆ ಕೆಳಮುಖವಾಗಿ ಇಳಿದಿರುತ್ತದೆ, ಅದು ಅರ್ಧ ಇಂಚು ಉದ್ದವಾದರೆ ಯಾರಿಗೂ ಗೊತ್ತಾಗದು. ಉದ್ದ ನಳಿಕೆ ಕೆಳಗಿನಿಂದ ತೂಕ ಕೊಟ್ಟು ಹಿಡಿಯನ್ನು ಮೈಗೆ ಒರಗಿಸುತ್ತದೆ ಕೂಡ. ಗಿಡ್ಡ ನಳಿಕೆಯ ಪಿಸ್ತೂಲಿನ ಮೇಲ್ಭಾಗ ಬೆಲ್ಟಿನ ಮೇಲಿಂದ ಹೊರಕ್ಕೆ ವಾಲುತ್ತದೆ. ಆದ್ದರಿಂದ ಉದ್ದದಲ್ಲಿ ಎಲ್ಲಾದರೂ ಉಳಿಸಲೇಬೇಕಾದರೆ ಗಿಡ್ಡ ಹಿಡಿಯ ಮಾದರಿ ಆರಿಸಿ, ಗಿಡ್ಡ ನಳಿಕೆಯದು ಬೇಡ.

ತೋಟಾ ಯಾವುದು?

ಈ ವಾದಕ್ಕೆ ಕೊನೆಯೇ ಇಲ್ಲದಂತೆ ಜನ ಆಡುತ್ತಾರೆ. ನನ್ನ ಉತ್ತರ 9 ಎಂಎಂ. 1902ರಷ್ಟು ಹಳೆಯ ಈ ತೋಟಾ ನಡುವೆ ಒಮ್ಮೆ ಮರ್ಯಾದೆ ಕಳೆದುಕೊಂಡಿತ್ತು. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತರು. 9 ಎಂಎಂ ಗುಂಡು ಸಾಕಷ್ಟು ಆಳಕ್ಕೆ ಹೋಗಲಿಲ್ಲ ಎಂಬ ದೂರು ಎದ್ದಿತು. ಸಂಸ್ಥೆ ಮೊದಲು 10 ಎಂಎಂಗೆ, ಆಮೇಲೆ 1990ರಲ್ಲಿ ಹುಟ್ಟಿದ .40 ತೋಟಾಕ್ಕೆ ಹೊರಳಿತು. ಗುಂಡಿನ ತಯಾರಿಕೆ ಸುಧಾರಿಸಿದ ಮೇಲೆ, ಕಳೆದ ದಶಕದಲ್ಲಿ ಮತ್ತೆ 9 ಎಂಎಂಗೇ ಮರಳಿತು. ಮಾಂಸದ ಬದಲಿಗೆ ಬಳಸುವ ಪ್ರಯೋಗದ ಜೆಲ್ಲಿಯಲ್ಲಿ 12ರಿಂದ 18 ಇಂಚು ಆಳಕ್ಕೆ ಇಳಿಯಬೇಕೆಂಬ ಅವರ ಅಳತೆಗೋಲನ್ನು ಒಳ್ಳೆಯ 9 ಎಂಎಂ ಗುಂಡುಗಳು ಮುಟ್ಟುತ್ತವೆ. ಒದೆತ ಕಡಿಮೆ, ಅಭ್ಯಾಸದ ತೋಟಾ ಅಗ್ಗ, ಮ್ಯಾಗಜೀನ್‌ನಲ್ಲಿ ಹೆಚ್ಚು ಹಿಡಿಯುತ್ತದೆ.

ಕೈಯಲ್ಲಿ ಬಲ ಕಡಿಮೆ ಇರುವವರು, ಗಂಟುನೋವಿನವರು .380 ನೋಡಬಹುದು. ಆದರೆ ಚಿಕ್ಕ ತೋಟಾ ಎಂದು ಚಿಕ್ಕ ಪಿಸ್ತೂಲನ್ನೇ ಕೊಂಡರೆ ಉಪಯೋಗವಿಲ್ಲ. ಸ್ಮಿತ್ ಅಂಡ್ ವೆಸನ್ ಕಂಪನಿಯ ಶೀಲ್ಡ್ ಇಝಡ್ ತರಹದ, ಸ್ಲೈಡ್ ಹಗುರವಾಗಿ ಎಳೆಯಲೆಂದೇ ಮಾಡಿದ ಮಾದರಿಗಳು ಅವರಿಗೆ ಸೂಕ್ತ.

ಒಯ್ಯಲು ಟೊಳ್ಳು ಮೂತಿಯ ಗುಂಡು, ಅಭ್ಯಾಸಕ್ಕೆ ಸಾದಾ ಗುಂಡು ಎಂಬುದು ರೂಢಿ. ಟೊಳ್ಳು ಮೂತಿಯದು ತಗುಲಿದಲ್ಲಿ ಅರಳಿ ನಿಧಾನವಾಗುತ್ತದೆ, ಆಚೆ ನಿಂತ ನಿರಪರಾಧಿಯನ್ನು ತಲುಪುವ ಸಂಭವ ಕಡಿಮೆ.

ಟ್ರಿಗರ್ ಮತ್ತು ಸೇಫ್ಟಿ

ಇಂದಿನ ಬಹುಪಾಲು ಪಿಸ್ತೂಲುಗಳಲ್ಲಿ ಹೊರಗೆ ಕಾಣುವ ಸುತ್ತಿಗೆ ಇರುವುದಿಲ್ಲ, ಒಳಗಿನ ಸ್ಟ್ರೈಕರ್ ತೋಟಾಕ್ಕೆ ಬಡಿಯುತ್ತದೆ. ಟ್ರಿಗರ್ ಪ್ರತಿ ಸಲವೂ ಒಂದೇ ಭಾರ, ಸಾಮಾನ್ಯವಾಗಿ ಎರಡೂವರೆ ಕಿಲೋ ಆಸುಪಾಸು. ಕಲಿಯಲು ಸುಲಭ. ಅಷ್ಟೇ ಸುಲಭವಾಗಿ, ಸಿಕ್ಕಿಕೊಂಡ ಅಂಗಿಯ ಮೂಲೆಯೂ ಅದನ್ನು ಎಳೆಯಬಲ್ಲದು. ಸುತ್ತಿಗೆ ಇರುವ ಹಳೆಯ ಶೈಲಿಯ ಕೆಲವು ಪಿಸ್ತೂಲುಗಳಲ್ಲಿ ಮೊದಲ ಎಳೆತ ಉದ್ದ ಮತ್ತು ಭಾರ, ಮುಂದಿನವು ಹಗುರ. ಹೋಲ್‌ಸ್ಟರ್‌ಗೆ ಮರಳಿ ಇಡುವಾಗ ಹೆಬ್ಬೆರಳನ್ನು ಸುತ್ತಿಗೆಯ ಮೇಲಿಟ್ಟರೆ ಟ್ರಿಗರ್‌ಗೆ ಏನಾದರೂ ತಗುಲಿದ್ದು ಕೂಡಲೇ ಗೊತ್ತಾಗುತ್ತದೆ. ಮುಂಭಾಗದಲ್ಲಿ ಒಯ್ಯುವವರಲ್ಲಿ ಕೆಲವರು ಇಂದಿಗೂ ಇದನ್ನೇ ಮೆಚ್ಚುವುದಕ್ಕೆ ಕಾರಣ ಅದು.

ರಿವಾಲ್ವರ್‌ಗೂ ಒಂದು ಮಾತು ಸಲ್ಲುತ್ತದೆ. .38 ಸ್ಪೆಷಲ್ ಹಾರಿಸುವ, 5 ತೋಟಾದ ಗಿಡ್ಡ ರಿವಾಲ್ವರ್ ಜೇಬಿನ ಹೋಲ್‌ಸ್ಟರ್‌ನಿಂದ ಸಲೀಸಾಗಿ ಹೊರಬರುತ್ತದೆ, ಸುತ್ತಿಗೆ ಮುಚ್ಚಿದ ಮಾದರಿಯಾದರೆ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ, ಉದ್ದ ಭಾರದ ಟ್ರಿಗರ್ ತಾನಾಗಿ ಜಾರುವುದಿಲ್ಲ. "ಹೆಂಗಸರಿಗೆ ರಿವಾಲ್ವರ್ ಸುಲಭ" ಎಂದು ಅಂಗಡಿಗಳಲ್ಲಿ ಹೇಳುವ ಮಾತಿಗೆ ಮಾತ್ರ ಕಿವಿಗೊಡಬೇಡಿ. ಹಗುರ ರಿವಾಲ್ವರ್ ಕೈಯನ್ನು ಜೋರಾಗಿಯೇ ಒದೆಯುತ್ತದೆ, ಆ ಭಾರದ ಟ್ರಿಗರ್ ಎಳೆದು ಗುರಿ ತಪ್ಪದಂತೆ ಹೊಡೆಯಲು ಯಾರಿಗಾದರೂ ಬಹಳ ಅಭ್ಯಾಸ ಬೇಕು.

ಹೆಬ್ಬೆರಳಿನಿಂದ ಒತ್ತುವ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಕೀಲು, ಬೇಕೋ ಬೇಡವೋ ಎಂಬುದರಲ್ಲಿ ನಾನು ಪಕ್ಷ ವಹಿಸುವುದಿಲ್ಲ. ಇದ್ದರೆ ಪ್ರತಿ ಅಭ್ಯಾಸದಲ್ಲೂ ಅದನ್ನು ಒತ್ತಿ ಇಳಿಸಿ, ಇಲ್ಲದಿದ್ದರೆ ಹೋಲ್‌ಸ್ಟರ್ ವಿಷಯದಲ್ಲಿ ಎಳ್ಳಷ್ಟೂ ರಾಜಿ ಬೇಡ. ಕೆಳಗೆ ಬಿದ್ದರೆ ಹಾರದಂತೆ ತಡೆಯುವ ಒಳಗಿನ ಸೇಫ್ಟಿ ಮಾತ್ರ ಇರಲೇಬೇಕು. ಪ್ರಸಿದ್ಧ ಹೆಸರೆಂದ ಮಾತ್ರಕ್ಕೆ ಇದು ಖಾತರಿಯಲ್ಲ: ಕೆಲವು ಕೋನಗಳಲ್ಲಿ ಬಿದ್ದಾಗ ಗುಂಡು ಹಾರುವುದು ಪರೀಕ್ಷೆಗಳಲ್ಲಿ ಕಂಡುಬಂದ ಮೇಲೆ ಸಿಗ್ ಕಂಪನಿ 2017ರಲ್ಲಿ ಪಿ320ರ ಬಿಡಿಭಾಗಗಳನ್ನು ಬದಲಿಸಿಕೊಡಲು ಮುಂದಾಯಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇಂಥ ತಿದ್ದುಪಡಿ ಆಗಿದೆಯೇ ಎಂದು ತಯಾರಕರ ಜಾಲತಾಣದಲ್ಲಿ ಕ್ರಮಸಂಖ್ಯೆ ಹಾಕಿ ನೋಡಬೇಕು.

ಕೈಯಲ್ಲಿ ಹಿಡಿದು ನೋಡುವುದು

ಇನ್ನೊಬ್ಬರು ಮೆಚ್ಚಿದ ಪಿಸ್ತೂಲನ್ನು ಕೊಳ್ಳುವುದು ಅವರ ಕನ್ನಡಕವನ್ನು ಹಾಕಿಕೊಂಡ ಹಾಗೆ. ಬಾಡಿಗೆಗೆ ಪಿಸ್ತೂಲು ಕೊಡುವ ಶೂಟಿಂಗ್ ರೇಂಜ್‌ಗೆ ಹೋಗಿ, ತರಬೇತುದಾರರ ಎದುರಿನಲ್ಲಿ ಮೂರು ನಾಲ್ಕು ಮಾದರಿಗಳನ್ನು ಹೊಡೆದು ನೋಡಿ.

ಮೊದಲು ಖಾಲಿ ಪಿಸ್ತೂಲು. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆ ಎಳೆದು, ಚೇಂಬರ್‌ನಲ್ಲಿ (ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನಲ್ಲಿ) ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ. ಆಮೇಲೆ ಸುರಕ್ಷಿತ ದಿಕ್ಕಿಗೆ ಹಿಡಿದು ಗಮನಿಸಿ: ಪಿಸ್ತೂಲು ಮುಂಗೈಯ ನೇರಕ್ಕೆ ಕೂತಿದೆಯೇ? ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ತಲುಪುತ್ತದೆಯೇ? ಬೆರಳಿನ ತುದಿ ಮಾತ್ರ ತಲುಪಿದರೆ ಹಿಡಿ ದಪ್ಪವಾಯಿತು. ಎರಡನೆಯ ಗೆಣ್ಣಿನವರೆಗೆ ಬೆರಳು ನುಗ್ಗಿದರೆ ಹಿಡಿ ತೆಳುವಾಯಿತು. ಎರಡರಲ್ಲೂ ಟ್ರಿಗರ್ ಎಳೆದಾಗ ನಳಿಕೆ ಪಕ್ಕಕ್ಕೆ ಸರಿಯುತ್ತದೆ.

ಸ್ಲೈಡ್ ಎಳೆಯಲು ಆಗುವುದಿಲ್ಲ ಎಂದು ಬಹಳ ಮಂದಿ ಒಳ್ಳೆಯ ಪಿಸ್ತೂಲನ್ನು ಕೆಳಗಿಡುತ್ತಾರೆ. ತಪ್ಪು ಬಲದ್ದಲ್ಲ, ಕ್ರಮದ್ದು. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಚಿವುಟಿ ಎಳೆಯಬೇಡಿ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಕೆಯನ್ನು ಸುರಕ್ಷಿತ ದಿಕ್ಕಿನಲ್ಲೇ ಇಟ್ಟು, ಎಡಗೈಯ ನಾಲ್ಕೂ ಬೆರಳು ಮತ್ತು ಅಂಗೈಯ ಬುಡದ ನಡುವೆ ಸ್ಲೈಡ್‌ನ ಹಿಂಭಾಗವನ್ನು ಅದುಮಿ ಹಿಡಿಯಿರಿ. ಈಗ ಎಡಗೈಯನ್ನು ಅಲುಗಿಸದೆ ಬಲಗೈಯಿಂದ ಹಿಡಿಯನ್ನು ರಭಸವಾಗಿ ಮುಂದಕ್ಕೆ ತಳ್ಳಿ. ಸ್ಪ್ರಿಂಗ್ ತನ್ನಷ್ಟಕ್ಕೆ ಮುಚ್ಚಲಿ, ಕೈಯಿಂದ ಮೆಲ್ಲಗೆ ಒಯ್ಯಬೇಡಿ. ಇಷ್ಟಾದರೂ ಆಗದಿದ್ದರೆ ಆ ಮಾದರಿ ನಿಮ್ಮದಲ್ಲ.

ನಂತರ ಗುಂಡು ತುಂಬಿ 5ರಿಂದ 7 ಮೀಟರ್ ದೂರದಲ್ಲಿ ಹೊಡೆಯಿರಿ. ಎರಡೂ ಕೈಯಲ್ಲಿ ನಿಧಾನವಾಗಿ ಐದು, ಸ್ವಲ್ಪ ವೇಗವಾಗಿ ಐದು, ಒಂದೇ ಕೈಯಲ್ಲಿ ಐದು. ನಿಧಾನದ ಗುಂಪು ಎಲ್ಲ ಪಿಸ್ತೂಲಿನಲ್ಲೂ ಚೆನ್ನಾಗಿಯೇ ಬರುತ್ತದೆ. ವೇಗದ ಐದರಲ್ಲಿ ಯಾವುದು ನಿಮ್ಮ ಮಾತು ಕೇಳಿತು ಎಂದು ನೋಡಿ. ಒಂದು ಡಬ್ಬಿ ತೋಟಾ ಮುಗಿಸಿದ ಮೇಲೆ ಇನ್ನೊಂದು ಬೇಕೆನಿಸಿದರೆ ಅದು ಒಳ್ಳೆಯ ಲಕ್ಷಣ. ಹೊಡೆಯಲು ಬೇಸರವಾಗುವ ಪಿಸ್ತೂಲಿನಲ್ಲಿ ಯಾರೂ ಅಭ್ಯಾಸ ಮಾಡುವುದಿಲ್ಲ.

ಅಂದಹಾಗೆ, ಪಿಸ್ತೂಲಿನ ಕೆಳಗೆ ಟಾರ್ಚ್ ಅಥವಾ ಮೇಲೆ ಕೆಂಪು ಚುಕ್ಕೆಯ ದರ್ಶಕ ಹಾಕುವ ಆಲೋಚನೆ ಇದ್ದರೆ ಈಗಲೇ ಹಾಕಿ. ಹೋಲ್‌ಸ್ಟರ್ ಅದಕ್ಕೆ ತಕ್ಕಂತೆ ಬೇಕಾಗುತ್ತದೆ.

ಹೋಲ್‌ಸ್ಟರ್

"ಎಲ್ಲ ಪಿಸ್ತೂಲಿಗೂ ಹೊಂದುತ್ತದೆ" ಎಂದು ಬರೆದ ಮೆತ್ತನೆಯ ನೈಲಾನ್ ಚೀಲಗಳನ್ನು ಮುಟ್ಟಬೇಡಿ. ಎಲ್ಲಕ್ಕೂ ಹೊಂದುವುದು ಯಾವುದನ್ನೂ ಹಿಡಿಯುವುದಿಲ್ಲ, ಟ್ರಿಗರ್‌ನ ಮೇಲಿರುವುದು ಬರೀ ಬಟ್ಟೆ. ಬೇಕಾದದ್ದು ನಿಮ್ಮ ಮಾದರಿಯ ಅಚ್ಚಿನಲ್ಲೇ ರೂಪಿಸಿದ ಗಟ್ಟಿ ಹೋಲ್‌ಸ್ಟರ್. ಬಿಸಿ ಮಾಡಿ ಅಚ್ಚಿಗೆ ಒತ್ತುವ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದವು ಇಂದು ಹೆಚ್ಚು ಚಾಲ್ತಿಯಲ್ಲಿವೆ. ಬೆವರು ಹೀರುವುದಿಲ್ಲ, ಆಕಾರ ಕೆಡುವುದಿಲ್ಲ, ತಿರುಪು ಬಿಗಿ ಮಾಡಿ ಹಿಡಿತ ಹೊಂದಿಸಬಹುದು. ಒಳ್ಳೆಯ ಚರ್ಮದ್ದೂ ಸರಿಯೇ, ಮೈಗೆ ಹಿತ. ಆದರೆ ಚರ್ಮಕ್ಕೆ ವಯಸ್ಸಾಗುತ್ತದೆ. ಹಳೆಯ ಚರ್ಮದ ಬಾಯಂಚು ಮೆದುವಾಗಿ ಒಳಕ್ಕೆ ಮಡಿಚಿಕೊಂಡು, ಪಿಸ್ತೂಲು ಇಳಿಸುವಾಗ ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡ್‌ನೊಳಗೆ ತೂರಿ ಗುಂಡು ಹಾರಿಸಿದ ಪ್ರಸಂಗಗಳಿವೆ. ಮೆದುವಾದ ಹೋಲ್‌ಸ್ಟರ್ ಎಷ್ಟೇ ಪ್ರೀತಿಯದ್ದಾದರೂ ಕಸದ ಬುಟ್ಟಿಗೆ ಹಾಕಿ.

ಕೊಂಡು ತಂದ ದಿನ ಹೀಗೆ ಪರೀಕ್ಷಿಸಿ. ಪಿಸ್ತೂಲು ಖಾಲಿ, ತೋಟಾಗಳು ಬೇರೆ ಕೋಣೆಯಲ್ಲಿ. ಪಿಸ್ತೂಲನ್ನು ಹೋಲ್‌ಸ್ಟರ್‌ನಲ್ಲಿಟ್ಟು ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಅಲ್ಲಾಡಿಸಿ: ಬೀಳಬಾರದು. ಹೊರಗಿನಿಂದ ಟ್ರಿಗರ್ ಇರುವ ಜಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ: ಏನೂ ಅಲುಗಬಾರದು, ಟಿಕ್ಕೆನ್ನಬಾರದು, ಟ್ರಿಗರ್ ಗಾರ್ಡ್‌ನ ಯಾವ ಭಾಗವೂ ಹೊರಗೆ ಇಣುಕಬಾರದು. ಸೊಂಟಕ್ಕೆ ಸಿಕ್ಕಿಸಿ ಬೆಲ್ಟ್ ಬಿಗಿದು ಪಿಸ್ತೂಲನ್ನು ಎಳೆಯಿರಿ: ಹೋಲ್‌ಸ್ಟರ್ ಬಾಯಿ ತೆರೆದೇ ಇರಬೇಕು, ಒಂದೇ ಕೈಯಲ್ಲಿ ಮರಳಿ ಇಡಲು ಬರಬೇಕು. ಬಾಯಿ ಮುಚ್ಚಿಕೊಳ್ಳುವಂಥದ್ದಾದರೆ ಇನ್ನೊಂದು ಕೈಯಿಂದ ಅದನ್ನು ಬಿಡಿಸುವಾಗ ನಳಿಕೆ ಆ ಕೈಯತ್ತಲೇ ತಿರುಗುತ್ತದೆ. ಕೊನೆಯದಾಗಿ, ಎಳೆಯುವಾಗ ಹೋಲ್‌ಸ್ಟರ್ ಸಮೇತ ಹೊರಬಂತೇ? ಹಾಗಾದರೆ ಕೊಕ್ಕೆ ಬೆಲ್ಟಿನ ಕೆಳಗಂಚನ್ನು ಕಚ್ಚಿಲ್ಲ. ಅಗ್ಗದ ಪ್ಲಾಸ್ಟಿಕ್ ಕೊಕ್ಕೆಗಳಿಗೆ ಈ ರೋಗ ಹೆಚ್ಚು, ಉಕ್ಕಿನ ತಂತಿಯ ಅಥವಾ ಸ್ಪ್ರಿಂಗ್ ಉಕ್ಕಿನ ಕೊಕ್ಕೆ ಹಾಕಿಸಿಕೊಳ್ಳಿ.

ಅಂಗಿಯೊಳಗಿಂದ ಹಿಡಿ ಉಬ್ಬಿ ಕಂಡರೆ ಪಿಸ್ತೂಲನ್ನು ಬದಲಿಸುವ ಮೊದಲು ಹೋಲ್‌ಸ್ಟರ್ ಪಕ್ಕಕ್ಕೆ ಸಣ್ಣ ರೆಕ್ಕೆಯಂಥ ತುಂಡು ಸೇರಿಸಿ ನೋಡಿ. ಅದು ಬೆಲ್ಟಿನ ಒಳಮೈಗೆ ಒತ್ತಿ ಹಿಡಿಯನ್ನು ಮೈಯತ್ತ ತಿರುಗಿಸುತ್ತದೆ. ಪಕ್ಕದಲ್ಲಿ ಒಯ್ಯುವವರು ಹಿಡಿ ಸ್ವಲ್ಪ ಮುಂದಕ್ಕೆ ವಾಲುವಂತೆ 15 ಡಿಗ್ರಿ ಓರೆ ಮಾಡಿದರೂ ಅದೇ ಫಲ. ದಟ್ಟ ಬಣ್ಣದ, ಚಿತ್ತಾರವಿರುವ ಅಂಗಿ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಜೇಬಿನಲ್ಲಿ ಒಯ್ಯುವವರಿಗೂ ಜೇಬಿನ ಹೋಲ್‌ಸ್ಟರ್ ಬೇಕೇ ಬೇಕು, ಆ ಜೇಬಿನಲ್ಲಿ ಬೇರೇನೂ ಇರಕೂಡದು. ಕೀಲಿಕೈ, ಪೆನ್ನು ಇಂಥವು ಟ್ರಿಗರ್‌ಗೆ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಸಾಮಾನುಗಳು.

ಬೆಲ್ಟ್

ಸಾಮಾನ್ಯ ಬೆಲ್ಟ್ ಪ್ಯಾಂಟ್ ಹಿಡಿಯಲು ಮಾಡಿದ್ದು. ಒಂದು ಕಡೆ ಮುಕ್ಕಾಲು ಕಿಲೋ ತೂಗುಬಿದ್ದರೆ ಅದು ಜೋಲುತ್ತದೆ, ಹೋಲ್‌ಸ್ಟರ್ ಹೊರಕ್ಕೆ ವಾಲುತ್ತದೆ, ದಿನವಿಡೀ ಪ್ಯಾಂಟ್ ಮೇಲಕ್ಕೆ ಎಳೆಯುವುದೇ ಕೆಲಸವಾಗುತ್ತದೆ. ಮರೆಯಲ್ಲಿ ಒಯ್ಯುವವರನ್ನು ಬಯಲು ಮಾಡುವುದು ಈ ಎಳೆದಾಟವೇ. ಸುಮಾರು ಒಂದೂವರೆ ಇಂಚು ಅಗಲದ, ಉದ್ದಕ್ಕೆ ಬಾಗುವ ಆದರೆ ಅಡ್ಡಕ್ಕೆ ಮಡಿಚದ ಗಟ್ಟಿ ಬೆಲ್ಟ್ ಕೊಳ್ಳಿ. ಪ್ಯಾಂಟಿನ ಸೊಂಟದ ಅಳತೆ ಒಂದು ಅಥವಾ ಎರಡು ಇಂಚು ಹೆಚ್ಚಿರಲಿ.

ಹೊರಗೆ ಕಾಲಿಡುವ ಮುನ್ನ

ಖಾಲಿ ಪಿಸ್ತೂಲು ಕಟ್ಟಿಕೊಂಡು ಕೆಲವು ದಿನ ಮನೆಯಲ್ಲೇ ಓಡಾಡಿ. ಕನ್ನಡಿಯ ಮುಂದೆ ಬಗ್ಗಿ, ಮೇಲಿನ ಕಪಾಟಿಗೆ ಕೈ ಚಾಚಿ, ಕುರ್ಚಿಯಲ್ಲಿ ಕೂತು ಏಳಿ, ಕಾರಿನ ಸೀಟ್ ಬೆಲ್ಟ್ ಹಾಕಿ ತೆಗೆಯಿರಿ. ಎಲ್ಲಿ ಚುಚ್ಚುತ್ತದೆ, ಎಲ್ಲಿ ಕಾಣುತ್ತದೆ ಎಂದು ತಿಳಿದು ಹೋಲ್‌ಸ್ಟರ್‌ನ ಎತ್ತರ, ಓರೆ ಹೊಂದಿಸಿ.

ಅದೇ ದಿನಗಳಲ್ಲಿ ಒಂದು ವಿಷಯವನ್ನು ಕೈಗೆ ರೂಢಿ ಮಾಡಿಸಬೇಕು: ಮರಳಿ ಇಡುವುದು. ಒಯ್ಯುವವರು ತಮಗೆ ತಾವೇ ಗುಂಡು ಹೊಡೆದುಕೊಳ್ಳುವ ಅಪಾಯ ಎಳೆಯುವಾಗಿನದಕ್ಕಿಂತ ಇಡುವಾಗ ದೊಡ್ಡದು. ಜಾಕೆಟ್ಟಿನ ಸೊಂಟದ ದಾರ, ಅದರ ತುದಿಯ ಪ್ಲಾಸ್ಟಿಕ್ ಗುಂಡಿ, ಅಂಗಿಯ ಸೆರಗು ಇವು ಟ್ರಿಗರ್ ಗಾರ್ಡ್‌ನೊಳಗೆ ಹೊಕ್ಕು, ಪಿಸ್ತೂಲು ಕೆಳಗೆ ಒತ್ತಿದಂತೆಲ್ಲ ಟ್ರಿಗರ್ ಎಳೆಯುತ್ತವೆ. ಆದ್ದರಿಂದ ತೋರುಬೆರಳು ನೆಟ್ಟಗೆ ಪಿಸ್ತೂಲಿನ ಪಕ್ಕಕ್ಕೆ ಚಾಚಿರಲಿ. ಎಡಗೈಯಿಂದ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿಯಿರಿ. ಮುಂಭಾಗದಲ್ಲಿ ಒಯ್ಯುವವರು ಸೊಂಟವನ್ನು ಮುಂದಕ್ಕೆ ತಂದು ಮೇಲುಮೈಯನ್ನು ಹಿಂದಕ್ಕೆ ಬಾಗಿಸಿದರೆ ನಳಿಕೆಯ ಬಾಯಿ ಮೈಯಿಂದ ಆಚೆ ತಿರುಗುತ್ತದೆ. ಹೋಲ್‌ಸ್ಟರ್ ಬಾಯನ್ನು ಕಣ್ಣಾರೆ ನೋಡಿ. ನಿಧಾನವಾಗಿ ಇಳಿಸಿ. ಎಲ್ಲಾದರೂ ತಡೆ ಸಿಕ್ಕಿತೋ, ಒತ್ತಬೇಡಿ, ಹೊರಗೆ ತೆಗೆದು ನೋಡಿ. ಬೇಗ ಇಟ್ಟವರಿಗೆ ಬಹುಮಾನವಿಲ್ಲ. ಇದಕ್ಕಿಂತಲೂ ಒಳ್ಳೆಯ ಉಪಾಯ, ಬೆಳಿಗ್ಗೆ ಹೋಲ್‌ಸ್ಟರ್ ಕೈಯಲ್ಲಿರುವಾಗಲೇ ಪಿಸ್ತೂಲನ್ನು ಅದರಲ್ಲಿಟ್ಟು, ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸುವುದು. ರಾತ್ರಿ ಒಟ್ಟಿಗೇ ತೆಗೆಯುವುದು.

ರೇಂಜ್‌ನಲ್ಲಿ ಕನಿಷ್ಠ 200 ಅಭ್ಯಾಸದ ತೋಟಾ, ಆಮೇಲೆ ಒಯ್ಯಲು ಆರಿಸಿದ ತೋಟಾಗಳ ಒಂದೆರಡು ಮ್ಯಾಗಜೀನ್ ಎಲ್ಲೂ ಸಿಕ್ಕಿಕೊಳ್ಳದೆ ಹಾರಬೇಕು. ಸಿಕ್ಕಿಕೊಂಡರೆ ಕಾರಣ ಹುಡುಕಿ ಮತ್ತೆ ಮೊದಲಿನಿಂದ. ಚೇಂಬರ್‌ನಲ್ಲಿ ತೋಟಾ ಇಟ್ಟು ಒಯ್ಯುವುದೇ ನುರಿತವರ ಪದ್ಧತಿ. ಆ ಧೈರ್ಯ ಇನ್ನೂ ಬಂದಿಲ್ಲವೆಂದರೆ ಚೇಂಬರ್ ಖಾಲಿ ಇಟ್ಟು ಒಯ್ಯಿರಿ, ಜೊತೆಗೆ ತರಬೇತಿಗೆ ಹೆಸರು ಹಚ್ಚಿ.

ದಿನದಿನದ ಸಣ್ಣ ವಿಷಯಗಳು

ಸಾರ್ವಜನಿಕ ಶೌಚಾಲಯದಲ್ಲಿ ಪಿಸ್ತೂಲನ್ನು ಹೊರತೆಗೆದು ತೊಟ್ಟಿಯ ಮೇಲೆ ಅಥವಾ ಕೊಕ್ಕೆಗೆ ಇಡಬೇಡಿ, ಮರೆತು ಬಂದವರ ಸಂಖ್ಯೆ ಸಣ್ಣದಲ್ಲ. ಹೋಲ್‌ಸ್ಟರ್‌ನಲ್ಲೇ ಬಿಟ್ಟು, ಇಳಿಸಿದ ಪ್ಯಾಂಟಿನ ಬೆಲ್ಟನ್ನು ಮತ್ತೆ ಕಟ್ಟಿ ಮೊಣಕಾಲ ಮೇಲೆ ನಿಲ್ಲಿಸಿಕೊಳ್ಳಿ. ಕಾರಿನಲ್ಲಿ ಬಿಟ್ಟುಹೋಗಲೇಬೇಕಾದರೆ ಸೀಟಿಗೆ ಉಕ್ಕಿನ ತಂತಿಯಿಂದ ಬಿಗಿದ ಬೀಗದ ಪೆಟ್ಟಿಗೆ ಇರಲಿ, ಡ್ಯಾಶ್‌ಬೋರ್ಡಿನ ಖಾನೆ ಕಳ್ಳರ ಮೊದಲ ನಿಲ್ದಾಣ. ಮನೆಗೆ ಬಂದ ಕೂಡಲೇ ಮೈಮೇಲೆ ಇಲ್ಲದ ಪಿಸ್ತೂಲು ಬೀಗದೊಳಗೆ ಹೋಗಬೇಕು. ಬೀರುವಿನ ಮೇಲಿನ ಖಾನೆ ಮಕ್ಕಳಿಗೆ ಎಟುಕುವುದಿಲ್ಲ ಎಂದುಕೊಳ್ಳುವವರು ಮಕ್ಕಳನ್ನು ಸರಿಯಾಗಿ ನೋಡಿಲ್ಲ.

ವಾರಕ್ಕೊಮ್ಮೆ ಬೆವರು ಒರೆಸಿ, ಲೋಹದ ಭಾಗಕ್ಕೆ ತೆಳುವಾಗಿ ಎಣ್ಣೆ ಸವರಿ, ನಳಿಕೆಯಲ್ಲಿ ಬಟ್ಟೆಯ ನಾರು ಸೇರಿದೆಯೇ ನೋಡಿ. ಹೋಲ್‌ಸ್ಟರ್‌ನ ತಿರುಪುಗಳು ನಡಿಗೆಗೇ ಸಡಿಲವಾಗುತ್ತವೆ, ತಿರುಪು ಬಿಗಿಹಿಡಿಯುವ ಅಂಟಿನ ಒಂದು ಹನಿ ಸಾಕು. ಒಂದೇ ತೋಟಾವನ್ನು ಮತ್ತೆ ಮತ್ತೆ ಚೇಂಬರ್‌ಗೆ ತುಂಬಿ ತೆಗೆಯುತ್ತಿದ್ದರೆ ಗುಂಡು ಕವಚದೊಳಕ್ಕೆ ಹಿಂದೆ ಸರಿಯುತ್ತದೆ, ಹಾರಿಸಿದಾಗ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಪಕ್ಕದಲ್ಲಿ ಹೊಸ ತೋಟಾವೊಂದನ್ನು ನಿಲ್ಲಿಸಿ ಎತ್ತರ ಹೋಲಿಸಿ. ಗಿಡ್ಡವಾಗಿ ಕಂಡದ್ದನ್ನು ಹಾರಿಸದೆ ಬದಿಗಿಟ್ಟು, ಮುಂದಿನ ಸಲ ರೇಂಜ್‌ಗೆ ಹೋದಾಗ ಅಲ್ಲಿನ ಕೆಟ್ಟ ತೋಟಾಗಳ ಡಬ್ಬಿಗೆ ಹಾಕಿ.